ಬರೆಯುವ ಮೊದಲಿನ ಕೆಲಸ: ವಾದಾತ್ಮಕ ಸಂಶೋಧನಾ ಪ್ರಬಂಧದ ಯೋಜನೆ

ಪ್ರೌಢಶಾಲೆಯ ಮಕ್ಕಳು ಬರೆದು ಕೊಡುವ ಯೋಜನಾ ಕಾರ್ಯದ ವರದಿಗಳನ್ನು ತಿದ್ದಿದವರಿಗೆಲ್ಲ ಅವುಗಳ ಚೌಕಟ್ಟು ಬಾಯಿಪಾಠವಾಗಿರುತ್ತದೆ. ಪೀಠಿಕೆ, ಅರ್ಥ, ಇತಿಹಾಸ, ಉಪಯೋಗಗಳು, ದುಷ್ಪರಿಣಾಮಗಳು, ಉಪಸಂಹಾರ. ವಿಷಯ ಪ್ಲಾಸ್ಟಿಕ್ ಆಗಿರಲಿ, ಮೊಬೈಲ್ ಆಗಿರಲಿ, ನೀಲಗಿರಿ ಮರವಾಗಿರಲಿ, ಇವೇ ಆರು ಗೂಟಗಳಿಗೆ ಹಗ್ಗ ಕಟ್ಟಲಾಗುತ್ತದೆ. ಕೊನೆಯಲ್ಲಿ "ಆದ್ದರಿಂದ ನಾವೆಲ್ಲರೂ ಪರಿಸರವನ್ನು ಕಾಪಾಡೋಣ" ಎಂಬ ಸಾಲು ಇದ್ದೇ ಇರುತ್ತದೆ. ಮಕ್ಕಳನ್ನು ಮಾತ್ರ ದೂರುವಂತಿಲ್ಲ. ಬಿ.ಎಡ್. ಸೆಮಿನಾರಿಗೆ ಪ್ರಶಿಕ್ಷಣಾರ್ಥಿಗಳು ಒಪ್ಪಿಸುವ ಪ್ರಬಂಧಗಳಲ್ಲೂ ಬಹುಪಾಲು ಇದೇ ಚೌಕಟ್ಟಿನವು. ಡಿ.ಟಿ.ಪಿ. ಆಗಿರುತ್ತದೆ, ಸ್ಪೈರಲ್ ಬೈಂಡಿಂಗ್ ಇರುತ್ತದೆ, ಅಷ್ಟೇ.

ಇಂಥ ವರದಿ ಮಾಹಿತಿ ಕೊಡುತ್ತದೆ. ವಾದಾತ್ಮಕ ಸಂಶೋಧನಾ ಪ್ರಬಂಧದ ಕೆಲಸ ಬೇರೆ. ಅದು ಒಂದು ನಿಲುವನ್ನು ಮುಂದಿಡಬೇಕು, ಆ ನಿಲುವಿಗೆ ಪುರಾವೆ ಒದಗಿಸಬೇಕು, ಒಪ್ಪದ ಓದುಗರಿಗೆ ಉತ್ತರ ಹೇಳಬೇಕು. ಇದು ಸಾಧ್ಯವಾಗುವುದೂ ಆಗದಿರುವುದೂ ಬಹುಮಟ್ಟಿಗೆ ಮೊದಲ ವಾಕ್ಯ ಬರೆಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಪಾಠಯೋಜನೆಯಿಲ್ಲದೆ ತರಗತಿಗೆ ಹೋಗಬಾರದೆಂದು ನಮಗೆ ಮೊದಲ ಸೆಮಿಸ್ಟರಿನಿಂದಲೇ ಹೇಳಿಕೊಡುತ್ತಾರೆ. ಬರವಣಿಗೆಯ ಯೋಜನೆಯ ಬಗ್ಗೆ ಮಾತ್ರ ಯಾರೂ ಅಷ್ಟು ಕಟ್ಟುನಿಟ್ಟಾಗಿ ಕೇಳುವುದಿಲ್ಲ.

ಆ ಯೋಜನೆಯ ಕೆಲಸವನ್ನು ಒಂದೇ ಉದಾಹರಣೆ ಹಿಡಿದು ಇಲ್ಲಿ ವಿವರಿಸುತ್ತೇನೆ. ಇಂಟರ್ನ್‌ಷಿಪ್ ಅವಧಿಯಲ್ಲಿ ಬೆಂಗಳೂರಿನ ಪೂರ್ವಕ್ಕಿರುವ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ನಾನು ತೆಗೆದುಕೊಂಡ ವಿಷಯ: ನೀಲಗಿರಿ ಮರ ಅಂತರ್ಜಲವನ್ನು ಬತ್ತಿಸುತ್ತದೆಯೇ? ಈ ಸೀಮೆಯಲ್ಲಿ ನೀಲಗಿರಿ ತೋಪು ಕಾಣದ ಊರಿಲ್ಲ, ನೀರಿಗಾಗಿ ಟ್ಯಾಂಕರ್ ಕಾಯದ ಬೀದಿಯೂ ಕಡಿಮೆ. ಜೊತೆಗೆ, ಈ ಪ್ರಶ್ನೆಯ ಮೇಲೆ ಪಕ್ಕದ ಹೊಸಕೋಟೆಯಲ್ಲೇ ನಡೆದ ವೈಜ್ಞಾನಿಕ ಅಳತೆಯೊಂದಿದೆ, ಅದರ ಉತ್ತರ ಬರಿಯ ಹೌದು ಅಥವಾ ಬರಿಯ ಅಲ್ಲ ಎಂಬುದಲ್ಲ. ವಾದ ಕಟ್ಟಲು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಗಲಿಲ್ಲ.

ವಿಷಯದಿಂದ ಪ್ರಶ್ನೆಗೆ

"ನೀಲಗಿರಿ" ಎಂಬುದು ವಿಷಯ. ವಿಷಯದ ಮೇಲೆ ವಾದ ಮಾಡಲಾಗದು, ಪ್ರಶ್ನೆಯ ಮೇಲೆ ಮಾತ್ರ ಮಾಡಬಹುದು. ಹಾಗಾಗಿ ಯೋಜನೆಯ ಮೊದಲ ಹಂತದಲ್ಲಿ ವಿಷಯದೊಳಗಿನ ಪ್ರಶ್ನೆಗಳನ್ನು ಬಿಡಿಸಿ ಇಡಬೇಕು. ಕಪ್ಪುಹಲಗೆಯ ಮೇಲೆ ಮಕ್ಕಳ ಮಾತುಗಳನ್ನೆಲ್ಲ ಬರೆದುಕೊಂಡಾಗ ಮೂರು ಜಾತಿಯ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು.

ಮೊದಲನೆಯದು ವಸ್ತುಸ್ಥಿತಿಯ ಪ್ರಶ್ನೆ: ಈ ಮರ ಎಷ್ಟು ನೀರು ಬಳಸುತ್ತದೆ, ಅದರಿಂದ ಅಂತರ್ಜಲಕ್ಕೆ ಏನಾಗುತ್ತದೆ? ಎರಡನೆಯದು ಏನು ಮಾಡಬೇಕೆಂಬ ಪ್ರಶ್ನೆ: ಇದನ್ನು ನೆಡುವುದನ್ನು ನಿಲ್ಲಿಸಬೇಕೇ? ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಈ ಪ್ರಶ್ನೆಗೆ ಕೊಟ್ಟ ಉತ್ತರ. ಮೂರನೆಯದು ನ್ಯಾಯದ ಪ್ರಶ್ನೆ: ಯಾರ ಭೂಮಿಯಲ್ಲಿ, ಯಾರಿಗಾಗಿ ಈ ಮರ? 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವನ್ನು ಮಕ್ಕಳಿಗೆ ಹೇಳಿದೆ. ಅಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸಮುದಾಯದ ಭೂಮಿಯನ್ನು ಕಾಗದದ ತಿರುಳಿಗಾಗಿ ಮರ ಬೆಳೆಸುವ ಕಂಪನಿಗೆ ಒಪ್ಪಿಸಿದ್ದು ಅವರ ತಕರಾರು. ನೀಲಗಿರಿ ಒಂದು ತೊಟ್ಟೂ ನೀರು ಕುಡಿಯದ ಮರವಾಗಿದ್ದರೂ ಆ ತಕರಾರು ಹಾಗೇ ಉಳಿಯುತ್ತಿತ್ತು.

ಈ ಕೊನೆಯ ಮಾತು ಮಕ್ಕಳಿಗೆ ಹಿಡಿಸಿತು. ಕುಸನೂರಿನ ಹೋರಾಟವನ್ನು "ನೀಲಗಿರಿ ನೀರು ಹೀರುತ್ತದೆ" ಎಂಬುದಕ್ಕೆ ಪುರಾವೆಯಾಗಿ ಬಳಸುವಂತಿಲ್ಲ ಎಂದು ಅವರೇ ಹೇಳಿದರು. ಸರ್ಕಾರ ನಿಷೇಧಿಸಿದೆ ಎಂಬುದೂ ಪುರಾವೆಯಲ್ಲ, ಅದು ಒಂದು ತೀರ್ಮಾನ. ಆ ತೀರ್ಮಾನಕ್ಕೆ ಆಧಾರವೇನು ಎಂದು ಕೇಳಬೇಕು. ಪ್ರಶ್ನೆಯ ಜಾತಿ ಗೊತ್ತಾದರೆ ಯಾವ ಜಾತಿಯ ಪುರಾವೆ ಬೇಕೆಂಬುದೂ ಗೊತ್ತಾಗುತ್ತದೆ. ಒಂದು ಪ್ರಬಂಧ ಮೂರನ್ನೂ ಹೊರಲಾರದು, ಅದರಲ್ಲೂ ಒಂಬತ್ತನೇ ತರಗತಿಯ ನಾಲ್ಕು ಪುಟದ ಪ್ರಬಂಧ. ನಾವು ಮೊದಲನೆಯದನ್ನು ಆರಿಸಿಕೊಂಡೆವು.

ಸೋಲಬಲ್ಲ ನಿಲುವು

ವಿಜ್ಞಾನ ಪದವಿ ಓದಿದವರಿಗೆ ಇಲ್ಲಿ ಒಂದು ತೊಡಕಿದೆ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ಉದ್ದೇಶ, ಉಪಕರಣ, ವಿಧಾನ, ವೀಕ್ಷಣೆ ಎಲ್ಲ ಮುಗಿದ ಮೇಲೆ ತೀರ್ಮಾನ ಬರುತ್ತದೆ. ವಾದಾತ್ಮಕ ಪ್ರಬಂಧದಲ್ಲಿ ನಿಲುವು ಮೊದಲ ಪುಟದಲ್ಲೇ ಇರಬೇಕು. "ಓದುವ ಮೊದಲೇ ತೀರ್ಮಾನಕ್ಕೆ ಬರುವುದು ವಿಜ್ಞಾನವೇ?" ಎಂದು ನನ್ನ ಸಹಪಾಠಿಗಳು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಯೋಜನೆಯ ಹಂತದಲ್ಲಿ ಬರೆಯುವ ನಿಲುವು ಪೆನ್ಸಿಲ್ಲಿನದು. ವಿಜ್ಞಾನದ ಭಾಷೆಯಲ್ಲಿ ಹೇಳಿದರೆ ಅದು ಪ್ರಾಕ್ಕಲ್ಪನೆ. ಪುರಾವೆ ಬಂದಂತೆ ತಿದ್ದುವುದಕ್ಕಾಗಿಯೇ ಅದನ್ನು ಬರೆದುಕೊಳ್ಳುತ್ತೇವೆ. ಪ್ರಬಂಧದ ಮೊದಲ ಪುಟಕ್ಕೆ ಹೋಗುವುದು ಈ ತಿದ್ದುಗಳೆಲ್ಲ ಆದ ಮೇಲಿನ ವಾಕ್ಯ.

ಆದರೆ ತಿದ್ದಬೇಕಾದರೆ ಅದು ತಿದ್ದಬಹುದಾದ ವಾಕ್ಯವಾಗಿರಬೇಕು. ತರಗತಿಯಲ್ಲಿ ಬಂದ ಮೊದಲ ನಿಲುವುಗಳನ್ನು ನೋಡಿ. "ನೀಲಗಿರಿ ಮರದಿಂದ ಒಳಿತೂ ಇದೆ, ಕೆಡುಕೂ ಇದೆ." ಇದನ್ನು ಯಾವ ಪುರಾವೆಯೂ ಅಲುಗಾಡಿಸಲಾರದು, ಆದ್ದರಿಂದ ಇದು ನಿಲುವೇ ಅಲ್ಲ. "ನೀಲಗಿರಿ ರಾಕ್ಷಸ ಮರ." ಇದು ಬೈಗುಳ. "ನೀಲಗಿರಿ ಬೇರೆ ಮರಗಳಿಗಿಂತ ಹೆಚ್ಚು ನೀರು ಕುಡಿಯುತ್ತದೆ." ಈಗ ದಾರಿಗೆ ಬಂದೆವು. ಇದು ಸುಳ್ಳೆಂದು ತೋರಿಸಲು ಸಾಧ್ಯವಿದೆ. ಹಾಗಾಗಿ ಮಕ್ಕಳಿಗೆ ನಾನು ಕೊಟ್ಟ ಪರೀಕ್ಷೆ ಒಂದೇ ಪ್ರಶ್ನೆಯದು: ಏನು ಗೊತ್ತಾದರೆ ನೀನು ಈ ವಾಕ್ಯವನ್ನು ಹೊಡೆದುಹಾಕುತ್ತೀ? ಉತ್ತರ ಹೊಳೆಯದಿದ್ದರೆ ವಾಕ್ಯ ಬದಲಾಗಬೇಕು.

ಒಬ್ಬ ಹುಡುಗ ಎದ್ದು ನಿಂತು, "ಬೇರೆ ಮರ ಅಂದ್ರೆ ಯಾವ ಮರ ಮಿಸ್? ಮಾವಾ, ಹೊಂಗೇನಾ?" ಎಂದ. ಇನ್ನೊಬ್ಬ, "ನಮ್ಮಲ್ಲಿ ತೋಪು ಬಂದಿದ್ದು ರಾಗಿ ಹೊಲದಾಗೆ. ಮರಕ್ಕೂ ಮರಕ್ಕೂ ಯಾಕೆ ಹೋಲಿಸ್ಬೇಕು?" ಎಂದ. ಈ ಎರಡು ಪ್ರಶ್ನೆಗಳಿಗೆ ಇಡೀ ಒಂದು ಅವಧಿ ಕೊಟ್ಟರೂ ನಷ್ಟವಿಲ್ಲ. ಹೆಚ್ಚು, ಕಡಿಮೆ, ಒಳ್ಳೆಯದು, ಕೆಟ್ಟದು ಎಂಬ ಪದವಿರುವ ಯಾವ ನಿಲುವಿನಲ್ಲೂ ಕಾಣದಂತೆ ಒಂದು ಹೋಲಿಕೆ ಅಡಗಿರುತ್ತದೆ. ಯಾವುದಕ್ಕಿಂತ ಎಂಬುದನ್ನು ಯೋಜನೆಯಲ್ಲಿ ಬರೆದುಕೊಳ್ಳದಿದ್ದರೆ, ಬರೆಯುತ್ತಾ ಬರೆಯುತ್ತಾ ಒಂದು ಪ್ಯಾರಾದಲ್ಲಿ ಕಾಡಿಗೆ, ಇನ್ನೊಂದರಲ್ಲಿ ರಾಗಿಗೆ, ಮತ್ತೊಂದರಲ್ಲಿ ಬರಡು ನೆಲಕ್ಕೆ ಹೋಲಿಸಿ ಕೂತಿರುತ್ತೇವೆ.

ಪುರಾವೆಯ ಚೀಟಿ

ಪುರಾವೆ ಸಂಗ್ರಹಕ್ಕೆ ಪುಸ್ತಕದ ಬೆನ್ನುಪುಟದಲ್ಲಿ ಟಿಪ್ಪಣಿ ಮಾಡಿಕೊಳ್ಳುವುದಕ್ಕಿಂತ ಬಿಡಿ ಚೀಟಿಗಳು ವಾಸಿ. ಒಂದು ಚೀಟಿಗೆ ಒಂದೇ ಪುರಾವೆ. ಚೀಟಿಯಲ್ಲಿ ಪುರಾವೆಯ ಜೊತೆಗೆ ಇದು ಅಳೆದದ್ದೋ ಕಂಡದ್ದೋ ಕೇಳಿದ್ದೋ, ಎಲ್ಲಿಯದು, ಯಾವಾಗಿನದು, ಯಾವುದಕ್ಕೆ ಹೋಲಿಸಿದ್ದು ಎಂಬುದನ್ನು ಬರೆಯಬೇಕು. ನಿಲುವಿನ ಪರವೋ ವಿರುದ್ಧವೋ ಎಂಬುದನ್ನು ಕೊನೆಗೆ, ಬೇರೆ ಬಣ್ಣದಲ್ಲಿ ಬರೆಯಬೇಕು. ಮೊದಲೇ ಬರೆದರೆ ಮಕ್ಕಳು ವಿರುದ್ಧದ ಚೀಟಿಗಳನ್ನು ಬರೆಯುವುದನ್ನೇ ಬಿಡುತ್ತಾರೆ. ದೊಡ್ಡವರೂ ಅಷ್ಟೇ.

ನಮ್ಮ ಕಟ್ಟಿನಲ್ಲಿ ಎಲ್ಲಕ್ಕಿಂತ ತೂಕದ ಚೀಟಿ ಹೊಸಕೋಟೆಯದು. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಕರ್ನಾಟಕದ ಸಂಗಡಿಗರು ರಾಜ್ಯದ ಒಣ ವಲಯದ ಕೆಲವು ಕಡೆ ನೀಲಗಿರಿ ತೋಪು, ಸ್ಥಳೀಯ ಎಲೆಯುದುರುವ ಕಾಡು, ರಾಗಿ ಹೊಲ ಇವುಗಳ ನೀರಿನ ಬಳಕೆಯನ್ನು ಅಳೆದು 1990ರ ದಶಕದಲ್ಲಿ ಪ್ರಕಟಿಸಿದರು. ಹೊಸಕೋಟೆಯ ಫಲಿತಾಂಶದ ವಿವರಣೆ ಬಂದದ್ದು 1997ರಲ್ಲಿ. ಮೂಲ ಇಂಗ್ಲಿಷಿನಲ್ಲಿದೆ, ಮಕ್ಕಳಿಗೆ ಎಟುಕದು. ನಾನು ಒಂದು ಪುಟದ ಕನ್ನಡ ಸಾರಾಂಶ ಮಾಡಿ ಗುಂಪಿಗೊಂದು ಪ್ರತಿ ಕೊಟ್ಟೆ. ಆದರೆ ಫಲಿತಾಂಶಗಳನ್ನು ನಾನೇ ಜೋಡಿಸಿ ತೀರ್ಮಾನ ಹೇಳಲಿಲ್ಲ. ಒಂದೊಂದನ್ನೂ ಬೇರೆ ಬೇರೆ ಚೀಟಿಗೆ ಇಳಿಸಲು ಹೇಳಿದೆ.

ಒಂದು ಚೀಟಿ: ಸುಮಾರು ಮೂರು ಮೀಟರ್ ಆಳದ ಮಣ್ಣಿರುವಲ್ಲಿ ಎಳೆಯ ನೀಲಗಿರಿ ತೋಪು ಸ್ಥಳೀಯ ಕಾಡಿಗಿಂತ ಹೆಚ್ಚು ನೀರು ಬಳಸಲಿಲ್ಲ. ಎರಡೂ ಆ ವರ್ಷ ಬಿದ್ದ ಮಳೆಯಷ್ಟನ್ನು ಬಳಸಿದವು. ಎರಡನೆಯ ಚೀಟಿ: ತೋಪಾಗಲಿ ಕಾಡಾಗಲಿ, ಮರಗಳು ಬಳಸಿದ ನೀರು ರಾಗಿ ಬಳಸಿದ್ದರ ಸುಮಾರು ಎರಡರಷ್ಟು. ಮೂರನೆಯ ಚೀಟಿ: ಹೊಸಕೋಟೆಯಲ್ಲಿ, ಮಣ್ಣಿನ ಆಳ ಎಂಟು ಮೀಟರಿನಷ್ಟಿದ್ದ ಕಡೆ, ನೀಲಗಿರಿ ಮೂರು ವರ್ಷಗಳಲ್ಲಿ ಮಳೆಗಿಂತ ಹೆಚ್ಚು ನೀರು ಬಳಸಿತು. ಮಳೆ ಸುಮಾರು 2100 ಮಿಲಿಮೀಟರ್; ಮರಗಳು ಬಳಸಿದ್ದು ಅವರ ಅಂದಾಜಿನಂತೆ ಸುಮಾರು 3400 ಮಿಲಿಮೀಟರ್.

ಮೂರನೆಯ ಚೀಟಿಯ ಮುಂದೆ ತರಗತಿ ನಿಂತುಬಿಟ್ಟಿತು. ಬಿದ್ದ ಮಳೆಗಿಂತ ಹೆಚ್ಚನ್ನು ಮರ ಎಲ್ಲಿಂದ ತಂದಿತು? ವ್ಯವಕಲನ ಮಾಡಿದರೆ 1300 ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್, ಅಂದರೆ ಚದರ ಮೀಟರಿಗೆ 1300 ಲೀಟರ್. ಒಂದು ಎಕರೆ ಸುಮಾರು 4047 ಚದರ ಮೀಟರ್. ಗುಣಿಸಿದರೆ ಎಕರೆಗೆ ಮೂರು ವರ್ಷಗಳಲ್ಲಿ ಐವತ್ತೆರಡು ಲಕ್ಷ ಲೀಟರಿಗೂ ಮೇಲೆ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸಾವಿರ ಟ್ಯಾಂಕರ್ ದಾಟುತ್ತದೆ. ಈ ಲೆಕ್ಕ ಮಕ್ಕಳೇ ಮಾಡಿದ್ದು. ಟ್ಯಾಂಕರಿಗೆ ಬಿಂದಿಗೆ ಸಾಲು ಇಟ್ಟು ನಿಂತು ಗೊತ್ತಿರುವವರಿಗೆ ಆ ಸಂಖ್ಯೆಯ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ವಿಜ್ಞಾನಿಗಳ ವಿವರಣೆಯಂತೆ ಆ ನೀರು ಆಳದ ಮಣ್ಣಿನಲ್ಲಿ ಹಿಂದಿನಿಂದ ಕೂಡಿಟ್ಟಿದ್ದ ತೇವ. ಮರದ ಬೇರು ಕೆಳಗಿಳಿಯುತ್ತಾ ಅದನ್ನು ಹಿಡಿದಿತ್ತು.

ಮೊದಲ ಚೀಟಿ ಮತ್ತು ಮೂರನೆಯ ಚೀಟಿ ಒಂದಕ್ಕೊಂದು ವಿರುದ್ಧ ಎಂದು ಒಂದು ಗುಂಪು ವಾದಿಸಿತು, ಒಂದನ್ನು ಬಿಟ್ಟುಬಿಡೋಣ ಎಂದಿತು. ಯಾವುದನ್ನು ಬಿಡಬೇಕೆಂದು ಅವರಿಗೆ ಆಗಲೇ ಗೊತ್ತಿತ್ತು ಎನ್ನಬೇಕಾಗಿಲ್ಲ. ಚೀಟಿಯಲ್ಲಿ ಎಲ್ಲಿಯದು ಎಂಬ ಖಾನೆ ಇರುವುದರ ಪ್ರಯೋಜನ ಆಗ ಕಂಡಿತು. ಎರಡರಲ್ಲೂ ಮರ ಒಂದೇ, ಮಣ್ಣಿನ ಆಳ ಬೇರೆ. ವಿರೋಧ ಕಂಡಲ್ಲಿ ಒಂದನ್ನು ಕೈಬಿಡುವ ಮೊದಲು ಯಾವ ಖಾನೆಯಲ್ಲಿ ವ್ಯತ್ಯಾಸವಿದೆ ಎಂದು ಹುಡುಕಿಸಿ. ನನ್ನ ಅನುಭವದಲ್ಲಿ ಒಳ್ಳೆಯ ನಿಲುವುಗಳು ಹುಟ್ಟುವ ಜಾಗ ಅದೇ.

ಊರಿನ ಹಿರಿಯರಿಂದ ಕೇಳಿ ತಂದ ಚೀಟಿಗಳೂ ಇದ್ದವು. "ತೋಪು ಹಾಕಿದ್ಮೇಲೆ ಬಾವಿ ಬತ್ತೋಯ್ತು" ಎಂಬ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬಂದಿತ್ತು. ಇವನ್ನು ಕೇಳಿದ ಮಾತು ಎಂದು ತಳ್ಳಿಹಾಕುವುದು ಸುಲಭ, ಆದರೆ ಐವತ್ತು ವರ್ಷ ಒಂದೇ ನೆಲ ನೋಡಿದವರ ಮಾತಿಗೆ ಬೆಲೆಯಿದೆ. ಅದನ್ನು ತೂಗಲು ಮಕ್ಕಳಿಗೆ ಒಂದು ಪೂರಕ ಪ್ರಶ್ನೆ ಕೊಟ್ಟು ಮತ್ತೆ ಕಳಿಸಿದೆ: ಅದೇ ಸಮಯದಲ್ಲಿ ಊರಿಗೆ ಇನ್ನೇನು ಬಂತು, ಏನು ಹೋಯಿತು? ಹಿಂತಿರುಗಿದ ಪಟ್ಟಿ ಹೀಗಿತ್ತು: ಬೋರ್‌ವೆಲ್ ಬಂತು, ಹಿಪ್ಪುನೇರಳೆ ಮತ್ತು ಟೊಮೇಟೊ ಬಂತು, ಕೆರೆಗೆ ಹೂಳು ತುಂಬಿತು, ರಾಜಕಾಲುವೆ ಮುಚ್ಚಿಹೋಯಿತು. ಬಾವಿ ಬತ್ತಿದ್ದಕ್ಕೆ ನೀಲಗಿರಿಯೊಂದೇ ಕಾರಣವೆಂಬ ವಾಕ್ಯವನ್ನು ಎರಡು ಗುಂಪುಗಳು ಅಲ್ಲೇ ಹೊಡೆದುಹಾಕಿದವು.

ಹೊಗೆ, ಬೆಂಕಿ, ಹಸಿ ಸೌದೆ

ನಿಲುವಿದೆ, ಪುರಾವೆಯಿದೆ. ಇವೆರಡರ ನಡುವಿನ ಕೊಂಡಿಯನ್ನು ಯೋಜನೆಯಲ್ಲಿ ಬರೆದುಕೊಳ್ಳುವವರು ಅಪರೂಪ. ವಾದದ ರಚನೆಯ ಬಗ್ಗೆ ಬೋಧನಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಕೊಟ್ಟ ಮಾದರಿಯನ್ನು ಹೇಳುತ್ತವೆ. ತರಗತಿಗೆ ನನಗೆ ಹೆಚ್ಚು ಒದಗಿದ್ದು ನಮ್ಮ ನ್ಯಾಯದರ್ಶನದ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಇಲ್ಲಿ "ಹೊಗೆ ಇದ್ದಲ್ಲೆಲ್ಲ ಬೆಂಕಿ" ಎಂಬ ನಿಯತ ಸಂಬಂಧಕ್ಕೆ ವ್ಯಾಪ್ತಿ ಎನ್ನುತ್ತಾರೆ. ಕೊಂಡಿ ಅದೇ.

ಅದನ್ನು ತಿರುಗಿಸಿ ಕೇಳಿದೆ: ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ, ಗ್ಯಾಸ್ ಒಲೆಯಲ್ಲಿ ಇಲ್ಲ, ಕಾದ ಕಬ್ಬಿಣದಲ್ಲಿ ಇಲ್ಲ ಎಂದರು. ಹಾಗಾದರೆ ಯಾವಾಗ ಇರುತ್ತದೆ? "ಸೌದೆ ಹಸಿಯಾಗಿದ್ರೆ ಮಿಸ್." ನ್ಯಾಯಶಾಸ್ತ್ರಜ್ಞರು ಕೊಡುವ ಉತ್ತರವೂ ಇದೇ. ಈ ಹಸಿ ಸೌದೆಗೆ ಅವರು ಉಪಾಧಿ ಎಂದು ಹೆಸರಿಟ್ಟರು: ಯಾವುದು ಇದ್ದರೆ ಮಾತ್ರ ಸಂಬಂಧ ನಿಲ್ಲುತ್ತದೋ ಆ ಷರತ್ತು.

ಆಮೇಲೆ ನಮ್ಮ ಚೀಟಿಗಳಿಗೆ ಮರಳಿದೆವು. ನೀಲಗಿರಿ ಇದ್ದಲ್ಲೆಲ್ಲ ಮಳೆಗಿಂತ ಹೆಚ್ಚು ನೀರು ಖರ್ಚಾಗುತ್ತದೆಯೇ? ಮೂರು ಮೀಟರ್ ಮಣ್ಣಿನಲ್ಲಿ ಆಗಲಿಲ್ಲ. ಎಂಟು ಮೀಟರಿನಲ್ಲಿ ಆಯಿತು. ನಮ್ಮ ವಾದದ ಹಸಿ ಸೌದೆ ಯಾವುದು ಎಂದು ಕೇಳುವ ಮೊದಲೇ "ಆಳದ ಮಣ್ಣು" ಎಂಬ ಉತ್ತರ ಬಂತು. ಉಪಾಧಿ ಎಂಬ ಪದ ಆ ದಿನದಿಂದ ತರಗತಿಯಲ್ಲಿ ಚಾಲ್ತಿಗೆ ಬಂತು. ಕಬಡ್ಡಿ ಪಂದ್ಯದ ಜಗಳದಲ್ಲೂ ಬಳಸಿದರಂತೆ.

ಇನ್ನೊಂದು ಕೊಂಡಿ ಇದಕ್ಕಿಂತ ಕಷ್ಟದ್ದು. ಎಂಟು ಮೀಟರ್ ಎಂದರೆ ಸುಮಾರು ಇಪ್ಪತ್ತಾರು ಅಡಿ. ಈ ಭಾಗದ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಇಪ್ಪತ್ತಾರು ಅಡಿಯ ಮಣ್ಣಿನ ತೇವವನ್ನು ಮರ ಬಳಸಿದೆ ಎಂಬ ಪುರಾವೆಯಿಂದ ಸಾವಿರ ಅಡಿಯ ಬೋರ್‌ವೆಲ್ ಬತ್ತಿತು ಎಂಬ ನಿಲುವಿಗೆ ಹೇಗೆ ಹೋಗುವುದು? ಬೇರು ಸಾವಿರ ಅಡಿಗೆ ಇಳಿದು ನೀರು ಹೀರುತ್ತದೆ ಎಂದು ಮಕ್ಕಳು ನಂಬಿದ್ದರು. ಅಳತೆ ಹಾಗೆ ಹೇಳುವುದಿಲ್ಲ. ನಡುವೆ ಬೇಕಾದ ಕೊಂಡಿ ಮರುಪೂರಣದ್ದು. ಮಳೆಯ ನೀರು ಮೇಲಿನ ಮಣ್ಣನ್ನು ತೋಯಿಸಿ, ಅದು ತುಂಬಿದ ಮೇಲೆ ಉಳಿದದ್ದು ಕೆಳಗಿಳಿದು ಬಂಡೆಯ ಬಿರುಕು ಸೇರಬೇಕು. ಎಂಟು ಮೀಟರ್ ಮಣ್ಣು ಪೂರ್ತಿ ಒಣಗಿದ್ದರೆ ಮುಂದಿನ ಮಳೆ ಆ ಒಣ ಮಣ್ಣನ್ನು ತೋಯಿಸುವುದರಲ್ಲೇ ಮುಗಿದುಹೋಗುತ್ತದೆ. ಬತ್ತಿದ ಮಡಕೆಗೆ ನೀರು ಹೊಯ್ದರೆ ಮೊದಲು ಮಡಕೆಯೇ ಕುಡಿಯುವಂತೆ. ಅಂದರೆ ಮರ ಬೋರ್‌ವೆಲ್ಲಿನ ನೀರನ್ನು ಹೀರುತ್ತಿಲ್ಲ, ಅಲ್ಲಿಗೆ ಹೋಗಬೇಕಾದ ನೀರನ್ನು ದಾರಿಯಲ್ಲಿ ತಡೆಯುತ್ತಿರಬಹುದು. ಈ ಒಂದು ವಾಕ್ಯ ಯೋಜನಾ ಹಾಳೆಯಲ್ಲಿ ಇರದಿದ್ದರೆ ಪ್ರಬಂಧದ ನಡುವೆ ಒಂದು ದೊಡ್ಡ ಗುಂಡಿ ಉಳಿಯುತ್ತಿತ್ತು, ಬರೆಯುವವರು ಅದನ್ನು "ಆದ್ದರಿಂದ" ಎಂಬ ಪದದಿಂದ ಮುಚ್ಚಿಬಿಡುತ್ತಿದ್ದರು. ಪ್ರಬಂಧ ತಿದ್ದುವಾಗ ಪ್ರತಿಯೊಂದು "ಆದ್ದರಿಂದ"ದ ಕೆಳಗೂ ಗೆರೆ ಎಳೆದು ನೋಡುವುದು ಒಳ್ಳೆಯ ಅಭ್ಯಾಸ.

ಪೂರ್ವಪಕ್ಷಕ್ಕೆ ಪೂರ್ತಿ ಹಾಳೆ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಮೊದಲು ಮಂಡಿಸಿ, ನಂತರ ಸಿದ್ಧಾಂತ ಹೇಳುವ ಕ್ರಮವಿದೆ. ಶಾಲೆಯ ಚರ್ಚಾಸ್ಪರ್ಧೆಗಳು ಇದನ್ನು ಕೆಡಿಸಿವೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ವಿರೋಧಿಯ ಮಾತನ್ನು ನಗೆಪಾಟಲು ಮಾಡಿದವರಿಗೆ ಚಪ್ಪಾಳೆ. ಪ್ರಬಂಧದ ಯೋಜನೆಯಲ್ಲಿ ಪೂರ್ವಪಕ್ಷಕ್ಕೆ ಒಂದು ಸಾಲಲ್ಲ, ಒಂದು ಪೂರ್ತಿ ಹಾಳೆ ಬೇಕು. ಅದನ್ನು ಹಾಗೆ ನಂಬುವವರೇ ಓದಿ "ಹೌದು, ನಮ್ಮ ಮಾತು ಇದೇ" ಎನ್ನುವಂತಿರಬೇಕು.

ನಮ್ಮ ತರಗತಿಯಲ್ಲಿ ಇದು ಬರಿಯ ವಿಧಾನದ ಮಾತಾಗಿ ಉಳಿಯಲಿಲ್ಲ. ಮೂರು ದಿನ ಎಲ್ಲರೂ ನೀಲಗಿರಿಯನ್ನು ಬೈಯುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತಾಡಿರಲಿಲ್ಲ. ಪೂರ್ವಪಕ್ಷದ ಹಾಳೆ ಕೊಟ್ಟ ದಿನ ಅವಳು ಕೇಳಿದಳು: "ನಮ್ದು ಎರಡೆಕರೆ ತೋಪಿದೆ ಮಿಸ್. ಅಕ್ಕನ ಮದುವೆ ಆಗಿದ್ದು ಅದನ್ನ ಕಡಿದೇ. ನಾವು ಊರಿನ ನೀರು ಕದ್ದಂಗಾಯ್ತಾ?" ತರಗತಿ ಸುಮ್ಮನಾಯಿತು. ಆ ಹಾಳೆ ತುಂಬುವ ಕೆಲಸವನ್ನು ಅವಳ ಗುಂಪಿಗೇ ವಹಿಸಿದೆ, ತೋಪಿಲ್ಲದ ಮನೆಯ ಇಬ್ಬರನ್ನು ಅದಕ್ಕೆ ಸೇರಿಸಿದೆ.

ಅವರು ತುಂಬಿದ್ದು ಹೀಗಿದೆ. ರಾಗಿಗೆ ಉಳುಮೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲಕ್ಕೂ ಆಳು ಬೇಕು. ಆಳು ಸಿಗುವುದಿಲ್ಲ, ಮಕ್ಕಳೆಲ್ಲ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನೀಲಗಿರಿಗೆ ಬೇರೂರಿದ ಮೇಲೆ ನೀರು ಹಾಯಿಸಬೇಕಿಲ್ಲ. ದನ, ಮೇಕೆ ಎಲೆಗೆ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬ್ಯಾಂಕಿನಲ್ಲಿಟ್ಟ ಹಣದಂತೆ ಕಷ್ಟಕ್ಕೆ ಒಟ್ಟಿಗೆ ಕೈಗೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ರಾಗಿ ಹೋಗುತ್ತದೆ, ತೋಪು ಉಳಿಯುತ್ತದೆ. ಜೊತೆಗೆ ಅವರು ಮೊದಲ ಚೀಟಿಯನ್ನೂ ಎತ್ತಿಕೊಂಡರು: ಮಣ್ಣು ಕಡಿಮೆ ಇರುವ ಗುಡ್ಡದ ಪಕ್ಕದ ನೆಲದಲ್ಲಿ ತೋಪು ಕಾಡಿಗಿಂತ ಹೆಚ್ಚು ನೀರು ಬಳಸುವುದಿಲ್ಲವಾದರೆ, ಅಲ್ಲಿ ಅದನ್ನು ಯಾಕೆ ಬೇಡವೆನ್ನಬೇಕು?

ಈ ಹಾಳೆ ಓದಿದ ಮೇಲೆ ಉಳಿದ ಗುಂಪುಗಳು ತಮ್ಮ ನಿಲುವನ್ನು ಮತ್ತೆ ಬರೆದವು. ಒಂದು ಗುಂಪಿನ ಮೊದಲ ವಾಕ್ಯ "ನೀಲಗಿರಿ ಅಂತರ್ಜಲವನ್ನು ಬತ್ತಿಸುತ್ತದೆ" ಎಂದಿತ್ತು. ನಾಲ್ಕನೆಯ ರೂಪ ಹೀಗಾಯಿತು: "ಮಣ್ಣು ಆಳವಾಗಿರುವ ನಮ್ಮ ಊರಿನ ಬಯಲು ಹೊಲಗಳಲ್ಲಿ ರಾಗಿಯ ಜಾಗಕ್ಕೆ ನೀಲಗಿರಿ ಬಂದರೆ ಅಂತರ್ಜಲಕ್ಕೆ ಸೇರುವ ಮಳೆನೀರು ಕಡಿಮೆಯಾಗುತ್ತದೆ, ಆದರೆ ಬೋರ್‌ವೆಲ್ ಬತ್ತಲು ಇದೊಂದೇ ಕಾರಣವಲ್ಲ." ಎಲ್ಲಿ, ಯಾವುದಕ್ಕೆ ಹೋಲಿಸಿದರೆ, ಯಾವ ಉಪಾಧಿಯಲ್ಲಿ, ಎಷ್ಟರಮಟ್ಟಿಗೆ ಎಂಬ ನಾಲ್ಕೂ ಇದರಲ್ಲಿವೆ. ವಾಕ್ಯ ಕಿರಿದಾದಂತೆ ಪ್ರಬಂಧಕ್ಕೆ ಬಲ ಬಂತು. ಆ ಹುಡುಗಿಯ ಗುಂಪಿನ ನಿಲುವು ಬೇರೆ ದಿಕ್ಕಿನದು: ಎಲ್ಲ ನೆಲಕ್ಕೂ ಒಂದೇ ನಿಷೇಧ ಎಂಬುದನ್ನು ಈ ಅಳತೆಗಳು ಸಮರ್ಥಿಸುವುದಿಲ್ಲ, ಮಣ್ಣಿನ ಆಳ ನೋಡಿ ನಿರ್ಧರಿಸಬೇಕು. ಒಂದೇ ಚೀಟಿಗಳ ಕಟ್ಟಿನಿಂದ ಎರಡು ಯೋಜನೆಗಳು, ಎರಡೂ ನಿಲ್ಲುವಂಥವು. ಅವರ ಮನೆಯವರು ನೀರು ಕದ್ದರೇ ಎಂಬ ಪ್ರಶ್ನೆ ನ್ಯಾಯದ ಪ್ರಶ್ನೆ, ಅದಕ್ಕೆ ಬೇರೆಯದೇ ಪ್ರಬಂಧ ಬೇಕು ಎಂದು ಅವಳೇ ತನ್ನ ಹಾಳೆಯ ಅಂಚಿನಲ್ಲಿ ಬರೆದಿದ್ದಳು.

ಕ್ರಮ ಮತ್ತು ಸಮಯ

ಇಷ್ಟಾದ ಮೇಲೆ ಕ್ರಮ ಹಾಕುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಚೀಟಿಗಳನ್ನು ನೆಲದ ಮೇಲೆ ಹರಡಿ, ಓದುಗರು ಯಾವುದನ್ನು ಮೊದಲು ತಿಳಿದರೆ ಮುಂದಿನದು ಅರ್ಥವಾಗುತ್ತದೆ ಎಂದು ನೋಡಿ ಜೋಡಿಸುವುದು. ಒಂದೇ ಸೂಚನೆ: ಯೋಜನಾ ಹಾಳೆಯಲ್ಲಿ ಶೀರ್ಷಿಕೆಗಳನ್ನು ಬರೆಯಬಾರದು, ಪೂರ್ಣ ವಾಕ್ಯಗಳನ್ನು ಬರೆಯಬೇಕು. "ಮಣ್ಣಿನ ಪಾತ್ರ" ಎಂದು ಬರೆದ ಮಗುವಿಗೆ ಏನು ಹೇಳಬೇಕೆಂದು ಇನ್ನೂ ಗೊತ್ತಿರುವುದಿಲ್ಲ. "ಆಳದ ಮಣ್ಣಿದ್ದಲ್ಲಿ ಮಾತ್ರ ಮರ ಮಳೆಗಿಂತ ಹೆಚ್ಚು ಬಳಸಿತು" ಎಂದು ಬರೆದ ಮಗುವಿಗೆ ಗೊತ್ತಿದೆ. ಆ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಗಟ್ಟಿಯಾಗಿ ಓದಿದರೆ ವಾದ ಕೇಳಿಸಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೊಂಡಿ ಕಳಚಿದೆ. ಪೂರ್ವಪಕ್ಷ ಎಲ್ಲಿ ಬರಬೇಕೆಂಬುದಕ್ಕೆ ನಿಯಮವಿಲ್ಲ. ಓದುಗರ ಮನಸ್ಸಿನಲ್ಲಿ ಆ ಆಕ್ಷೇಪ ಏಳುವ ಜಾಗದಲ್ಲೇ ಬರಬೇಕು.

ಸಮಯದ ಪ್ರಶ್ನೆಯನ್ನು ಸಹಪ್ರಶಿಕ್ಷಣಾರ್ಥಿಗಳು ಖಂಡಿತ ಕೇಳುತ್ತಾರೆ. ನಲವತ್ತು ನಿಮಿಷದ ಐದು ಅವಧಿಗಳು ಯೋಜನೆಗೇ ಹೋದವು, ಬರವಣಿಗೆಗೆ ಎರಡು ಸಾಕಾದವು. ಪಾಠ ಹಿಂದುಳಿಯುತ್ತದೆಂದು ಮಾರ್ಗದರ್ಶಿ ಶಿಕ್ಷಕರಿಗೆ ಆತಂಕವಿತ್ತು, ಅದು ಸಹಜ. ನೈಸರ್ಗಿಕ ಸಂಪನ್ಮೂಲಗಳ ಭಾಗವನ್ನೂ ಒಂದು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯನ್ನೂ ಇದರೊಳಗೇ ಸೇರಿಸಿಕೊಂಡಿದ್ದರಿಂದ ಅವರು ಒಪ್ಪಿದರು. ಅಷ್ಟು ಅವಧಿ ಸಿಗದ ಕಡೆ ಪುರಾವೆಯ ಚೀಟಿಗಳನ್ನು ಶಿಕ್ಷಕರೇ ಸಿದ್ಧಮಾಡಿ ಕೊಡಬಹುದು. ನಿಲುವು ತಿದ್ದುವುದನ್ನೂ ಪೂರ್ವಪಕ್ಷವನ್ನೂ ಮಾತ್ರ ಮಕ್ಕಳಿಂದ ಕಿತ್ತುಕೊಳ್ಳಬಾರದು.

ಅಂಕ ಹಂಚುವಾಗ ನಾನು ಯೋಜನಾ ಹಾಳೆಗೆ ಅರ್ಧ, ಪ್ರಬಂಧಕ್ಕೆ ಅರ್ಧ ಇಟ್ಟೆ. ಹಾಳೆಯನ್ನು ನೀಟಾಗಿ ನಕಲು ಮಾಡಿ ಕೊಡುವಂತಿರಲಿಲ್ಲ. ಹೊಡೆದುಹಾಕಿದ ನಿಲುವುಗಳು ಓದಲು ಬರುವಂತೆ ಉಳಿದಿರಬೇಕು, ಪ್ರತಿ ಸಲ ಹೊಡೆದುಹಾಕಿದ್ದಕ್ಕೆ ಕಾರಣವಾದ ಚೀಟಿಯ ಸಂಖ್ಯೆ ಪಕ್ಕದಲ್ಲಿರಬೇಕು, ಅದನ್ನು ಪ್ರಬಂಧದ ಹಿಂದೆ ಪಿನ್ ಮಾಡಿ ಕೊಡಬೇಕು. ಚಿತ್ತು ಕಂಡರೆ ಅಂಕ ಹೋಗುತ್ತದೆಂದು ಎಂಟು ವರ್ಷ ಕಲಿತು ಬಂದ ಮಕ್ಕಳು ಮೊದಲಿಗೆ ನಂಬಲಿಲ್ಲ. ಒಂದು ಗುಂಪು ನನಗೆ ಕಾಣದಂತೆ ಒಂದು ಶುದ್ಧ ಪ್ರತಿಯನ್ನೂ ಮಾಡಿಟ್ಟುಕೊಂಡಿತ್ತು. ಎರಡನ್ನೂ ಪಿನ್ ಮಾಡಿಸಿದೆ.